ಮಾಡಿನ ಮೇಲೆ ಮಳೆ, ಕೆಳಗೆ ಲಿಸನಿಂಗ್ ಟೆಸ್ಟು: 2020ರ ಶಿರಸಿಯ ಒಂದು ಪ್ರಕರಣ

ಕೋವಿಡ್ ಬಂದಾಗ, ವಿದೇಶಕ್ಕೆ ಓದೋಕೆ ಹೋಗೋವ್ರು ಬರೆಯೋ ಇಂಗ್ಲಿಷ್ ಪರೀಕ್ಷೆಗಳೆಲ್ಲ ಮನೆಗೇ ಬಂದ್ವು, ಎಷ್ಟು ಸುಲಭ ಆಯ್ತು ಅಂತ ಈಗ್ಲೂ ಕೆಲವರು ಹೇಳ್ತಾರೆ. ಸುಲಭ ಆಗಿದ್ದು ಹೌದು, ಕೆಲವರಿಗೆ. ಆದ್ರೆ ಪರೀಕ್ಷೆ ಮನೆಗೆ ಬರೋವಾಗ ಅದೊಂದೇ ಬರ್ಲಿಲ್ಲ, ಪರೀಕ್ಷಾ ಸೆಂಟರ್ ಅನ್ನೋದು ಅಲ್ಲೀವರೆಗೆ ಯಾರಿಗೂ ಗೊತ್ತಾಗದ ಹಾಗೆ ಮಾಡ್ತಿದ್ದ ಕೆಲಸ ಅಷ್ಟೂ, ಬಾಗಿಲು ಹಾಕೋದು, ಕರೆಂಟ್ ಹೋಗದ ಹಾಗೆ ನೋಡ್ಕೊಳ್ಳೋದು, ಸುತ್ತ ಗಲಾಟೆ ಆಗದ ಹಾಗೆ ಕಾಯೋದು, ಎಲ್ಲ ಮನೆಯವರ ತಲೆ ಮೇಲೆ ಬಂತು. ಶಿರಸಿ ಕಡೆ ಮಳೆಗಾಲದಲ್ಲಿ ಅದು ಹ್ಯಾಗಿರ್ತದೆ ಅಂತ ಒಂದು ಕೇಸ್ ಇಟ್ಕೊಂಡು ಬರೀತೇನೆ. ನಾನು ಪಿಯು ಕಾಲೇಜಲ್ಲಿ ಎಕನಾಮಿಕ್ಸ್ ಮೇಷ್ಟ್ರು, ಇಂಗ್ಲಿಷ್ ನನ್ನ ಸಬ್ಜೆಕ್ಟ್ ಅಲ್ಲ, ನಮ್ಮನೆಯವಳು ಹೈಸ್ಕೂಲ್ ಇಂಗ್ಲಿಷ್ ಟೀಚರ್, ಹಾಗಾಗಿ ಪರೀಕ್ಷೆ ಅನ್ನೋದು ನಮ್ಮ ಮನೇಲಿ ಊಟದ ಜೊತೆ ಬರೋ ಮಾತು.

ಕೇಸ್ ಇಷ್ಟು. ನನ್ನ ಅಕ್ಕನ ಮಗಳು ಹುಬ್ಬಳ್ಳಿಯಲ್ಲಿ ಬಿಇ ಮಾಡಿ ಬೆಂಗಳೂರಲ್ಲಿ ಕೆಲಸಕ್ಕಿದ್ದವಳು, 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬೀಳೋ ಮೊದಲೇ ಹ್ಯಾಗೋ ಬಸ್ ಹತ್ತಿ ಊರಿಗೆ ಬಂದಿದ್ದಳು. ಊರು ಅಂದ್ರೆ ಶಿರಸಿ ಪೇಟೆಯಿಂದ ಸಿದ್ದಾಪುರ ದಾರಿಯಲ್ಲಿ ಹೋಗಿ ಒಳಗೆ ತಿರುಗಬೇಕು, ಅಡಿಕೆ ತೋಟದ ತಲೆ ಮೇಲೆ ನಾಲ್ಕು ಮನೆ. ಮರುವರ್ಷಕ್ಕೆ ಅಮೆರಿಕದಲ್ಲಿ ಎಂಎಸ್ ಮಾಡೋ ಆಸೆ, ಅದಕ್ಕೆ ಇಂಗ್ಲಿಷ್ ಸ್ಕೋರ್ ಬೇಕು. ಅವಳು ಆರಿಸಿಕೊಂಡ ಯೂನಿವರ್ಸಿಟಿಗಳಲ್ಲಿ ಹೆಚ್ಚಿನವು ಆ ವರ್ಷ ಡ್ಯುಯೊಲಿಂಗೋ ಅನ್ನೋ ಆನ್‌ಲೈನ್ ಇಂಗ್ಲಿಷ್ ಪರೀಕ್ಷೆ ಆದ್ರೂ ಆಗ್ತದೆ ಅಂತ ಹೇಳಿದ್ವು, ಅವಳಿಗೆ ತುಂಬ ಇಷ್ಟ ಇದ್ದ ಒಂದು ಡಿಪಾರ್ಟ್‌ಮೆಂಟ್ ಮಾತ್ರ ಟೋಫೆಲ್ ಅನ್ನೋ ಹಳೇ ಪರೀಕ್ಷೆ ಬಿಟ್ಟು ಬೇರೆ ಒಪ್ಪೋದಿಲ್ಲ ಅಂತ ಕೂತಿತ್ತು. ಹಾಗಾಗಿ ಎರಡೂ ಬರೀಬೇಕಾಯ್ತು. ಒಬ್ಬಳೇ ಹುಡುಗಿ, ಅದೇ ಇಂಗ್ಲಿಷು, ಅದೇ ಮಳೆಗಾಲ, ಎರಡು ಬೇರೆ ಬೇರೆ ತರದ ಪರೀಕ್ಷೆ. ಹೋಲಿಸಿ ನೋಡೋಕೆ ಇದಕ್ಕಿಂತ ಒಳ್ಳೇ ಕೇಸ್ ಸಿಗೋದು ಕಷ್ಟ.

ಕೋವಿಡ್‌ಗೆ ಮೊದಲು ನಮ್ಮ ಕಡೆಯವರು ಟೋಫೆಲ್, ಇಲ್ಲಾ ಅದೇ ತರದ ಇನ್ನೊಂದು ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಅಂದ್ರೆ ರಾತ್ರಿ ಬಸ್ ಹತ್ತಿ ಬೆಂಗಳೂರಿಗೆ ಹೋಗಿ, ಯಾರದೋ ರೂಮಲ್ಲಿ ಸ್ನಾನ ಮಾಡಿ, ಸೆಂಟರ್‌ಗೆ ಹೋಗಿ ಬರೆದು ಅವತ್ತೇ ವಾಪಸ್ ಬರೋದು. ಮಾರ್ಚ್ 2020ರಲ್ಲಿ ಆ ಸೆಂಟರ್‌ಗಳು ದೇಶದೇಶಗಳಲ್ಲಿ ಒಂದರ ಹಿಂದೆ ಒಂದು ಮುಚ್ಚಿದ್ವು. ಪರೀಕ್ಷೆ ನಡೆಸೋ ಸಂಸ್ಥೆಗಳು ಆಗ ಮಾಡಿದ್ದು ಒಂದೇ ತರದ್ದಲ್ಲ, ಇದನ್ನ ಜನ ಅಷ್ಟು ಗಮನಿಸಿಲ್ಲ ಅನ್ಸ್ತದೆ. ಟೋಫೆಲ್ ನಡೆಸೋ ಇಟಿಎಸ್‌ನವರು ಮಾರ್ಚ್ ಕೊನೆಗೇ ಸ್ಪೆಷಲ್ ಹೋಮ್ ಎಡಿಷನ್ ಅಂತ ಬಿಟ್ರು, ಆಮೇಲೆ ಚೀನಾದ ಮುಖ್ಯಭೂಮಿ, ಇರಾನ್ ಬಿಟ್ಟು ಉಳಿದ ಕಡೆಗೆಲ್ಲ ಅದು ಸಿಕ್ತು. ಪರೀಕ್ಷೆಯಲ್ಲಿ ಒಂದಕ್ಷರ ಬದಲಾಗ್ಲಿಲ್ಲ, ಅದೇ ರೀಡಿಂಗ್, ಲಿಸನಿಂಗ್, ಸ್ಪೀಕಿಂಗ್, ರೈಟಿಂಗು, ಅದೇ 120ಕ್ಕೆ ಸ್ಕೋರು, ಅದೇ ಹತ್ತಿರ ಹತ್ತಿರ ಮೂರು ಗಂಟೆ. ಬದಲಾಗಿದ್ದು ಜಾಗ, ಮತ್ತೆ ವೆಬ್‌ಕ್ಯಾಮ್ ಆಚೆ ಕೂತು ಶುರುವಿಂದ ಕೊನೆ ತನಕ ಕಾಯೋ ಪ್ರಾಕ್ಟರ್. ಐಇಎಲ್‌ಟಿಎಸ್‌ನವರು ಏಪ್ರಿಲ್‌ನಲ್ಲಿ ಇಂಡಿಕೇಟರ್ ಅಂತ ಒಂದು ತಂದ್ರು, ಮಾತಾಡೋ ಭಾಗಕ್ಕೆ ವಿಡಿಯೋ ಕಾಲಲ್ಲಿ ಎಕ್ಸಾಮಿನರ್, ಆದ್ರೆ ಅವರೇ ಹೇಳಿದ್ರು ಇದು ಪೂರ್ತಿ ಐಇಎಲ್‌ಟಿಎಸ್ ಅಲ್ಲ, ಒಂದು ಅಂದಾಜು ಅಷ್ಟೇ, ವೀಸಾ ಇಮಿಗ್ರೇಷನ್‌ಗೆ ನಡೆಯೋದಿಲ್ಲ ಅಂತ. ಡ್ಯುಯೊಲಿಂಗೋ ಇಂಗ್ಲಿಷ್ ಟೆಸ್ಟ್‌ಗೆ ಬದಲಾಗೋ ಕೆಲಸವೇ ಇರ್ಲಿಲ್ಲ, ಅದು ಕೋವಿಡ್‌ಗೂ ಮೊದಲಿಂದ ಮನೇಲೇ ಬರೆಯೋಕೆ ಅಂತ ಮಾಡಿದ್ದು. ಬದಲಾದವು ಯೂನಿವರ್ಸಿಟಿಗಳು. ಅಲ್ಲೀವರೆಗೆ ಅದನ್ನ ಮೊಬೈಲ್ ಆಟ ಅನ್ನೋ ತರ ನೋಡ್ತಿದ್ದ ಎಷ್ಟೋ ಯೂನಿವರ್ಸಿಟಿ ಆ ಬೇಸಿಗೆಯಲ್ಲಿ "ಈ ವರ್ಷಕ್ಕೆ ಮಾತ್ರ" ಅಂತ ಹೇಳಿ ಒಪ್ಪಿಕೊಂಡ್ವು.

ಅಂದ್ರೆ ಒಬ್ಬರು ಪರೀಕ್ಷೆ ಹಾಗೇ ಇಟ್ಟು ಕೋಣೆ ಬದಲಾಯಿಸಿದ್ರು, ಒಬ್ಬರು ಸ್ಕೋರಿನ ತೂಕ ಇಳಿಸಿದ್ರು, ಇನ್ನೊಂದು ಕಡೆ ಪರೀಕ್ಷೆ ಮೊದಲೇ ಬೇರೆ ತರ ಇತ್ತು.

ನಮ್ಮ ರಾಜ್ಯ ಏನು ಮಾಡ್ತು ಅನ್ನೋದನ್ನ ಇಲ್ಲೇ ಹೇಳಿಬಿಡ್ತೇನೆ, ಮುಂದೆ ಬೇಕಾಗ್ತದೆ. ಸೆಕೆಂಡ್ ಪಿಯು ಪರೀಕ್ಷೆ 2020ರ ಮಾರ್ಚ್ 4ಕ್ಕೆ ಶುರುವಾಗಿ ಎಲ್ಲ ಮುಗಿದು ಇಂಗ್ಲಿಷ್ ಒಂದೇ ಉಳಿದಿತ್ತು, ಮಾರ್ಚ್ 23ಕ್ಕೆ. ಅದು ಮುಂದೆ ಹೋಯ್ತು. ಕೊನೆಗೆ ಜೂನ್ 18ಕ್ಕೆ ನಡೀತು, ರಾಜ್ಯದಲ್ಲಿ ಹತ್ತಿರ ಹತ್ತಿರ 6 ಲಕ್ಷ ಮಕ್ಕಳು, ಸಾವಿರಕ್ಕೂ ಹೆಚ್ಚು ಸೆಂಟರು. ಆ ಹೊತ್ತಿಗೆ ಒಂದೇ ದಿನದಲ್ಲಿ ಇಷ್ಟು ಜನರಿಗೆ ಇಂಗ್ಲಿಷ್ ಪರೀಕ್ಷೆ ಮಾಡಿದವರು ಜಗತ್ತಲ್ಲಿ ಬೇರೆ ಎಷ್ಟು ಜನ ಇದ್ದಾರೋ. ಸಬ್ಜೆಕ್ಟ್ ಟೀಚರ್‌ಗೆ ಅವರ ಪೇಪರ್ ದಿನ ರೂಮ್ ಡ್ಯೂಟಿ ಕೊಡೋದಿಲ್ಲ, ನಂದು ಎಕನಾಮಿಕ್ಸ್, ಆದ್ರಿಂದ ನಂಗೆ ಡ್ಯೂಟಿ ಬಿತ್ತು. ಮಾಸ್ಕು, ಗೇಟಲ್ಲಿ ಹಣೆಗೆ ಥರ್ಮಲ್ ಗನ್ನು, ಕೈಗೆ ಸ್ಯಾನಿಟೈಸರು, ಒಂದು ಬೆಂಚು ಬಿಟ್ಟು ಒಂದು ಬೆಂಚು. ಬೇರೆ ಊರಲ್ಲಿ ಓದ್ತಿದ್ದು ಲಾಕ್‌ಡೌನಲ್ಲಿ ಮನೆಗೆ ಬಂದ ಮಕ್ಕಳಿಗೆ ಮನೆ ಹತ್ತಿರದ ಸೆಂಟರಲ್ಲೇ ಬರೆಯೋಕೆ ಬಿಟ್ಟಿದ್ರು. ಬೆಂಗಳೂರು ಕಡೆ ಗೇಟ್ ಹತ್ರ ನೂಕುನುಗ್ಗಲು ಅಂತ ಟೀವಿಯಲ್ಲಿ ತೋರಿಸ್ತಿದ್ರು, ಒಳಗೆ ಕೂತ ಮೇಲೆ ಎಲ್ಲ ಕಡೆ ಪರೀಕ್ಷೆ ಪರೀಕ್ಷೆ ತರವೇ ನಡೀತು. ಅದೇ 100 ಮಾರ್ಕ್ಸಿನ ಪೇಪರು, ಅದೇ ಮೂರೂಕಾಲು ಗಂಟೆ. ಕರೆಂಟ್ ಹೋಯ್ತಾ, ಹೋಗ್ಲಿ, ಕಿಟಕಿ ಇದೆ. ಮಳೆ ಬಂತಾ, ಬರ್ಲಿ, ಯಾರೂ ಏನೂ ಕೇಳಿಸ್ಕೊಳ್ಳಬೇಕಾಗಿಲ್ಲ. ಪೆನ್ನು ಪೇಪರಿನ ಪರೀಕ್ಷೆಗೆ ಈ ಒಂದು ಧೈರ್ಯ ಇರ್ತದೆ. ಇಂಗ್ಲಿಷ್ ಮಾತಾಡೋಕೆ ಬರ್ತದಾ ಅಂತ ಅದು ಕೇಳೋದೇ ಇಲ್ಲ ಅನ್ನೋದು ಬೇರೆ ವಿಷಯ, ನಮ್ಮನೆಯವಳು ಅದನ್ನ ವರ್ಷಾ ವರ್ಷಾ ಹೇಳ್ತಾಳೆ.

ಈಗ ಹುಡುಗಿ ವಿಷಯಕ್ಕೆ ಬರೋಣ. ಮೊದಲು ಡ್ಯುಯೊಲಿಂಗೋ ಬರೆದಳು, ಊರ ಮನೇಲೇ. ಆಗ ಅದಕ್ಕೆ 49 ಡಾಲರ್, ನಮ್ಮ ದುಡ್ಡಲ್ಲಿ ಸುಮಾರು 3,700 ರೂಪಾಯಿ, ಟೋಫೆಲ್‌ಗೆ ಅದರ ಮೂರು ಪಟ್ಟಿಗೂ ಜಾಸ್ತಿ. ಒಂದು ಗಂಟೆ ಒಳಗೆ ಮುಗೀತದೆ, ರಿಸಲ್ಟ್ ಎರಡು ದಿನಕ್ಕೆ. ಹ್ಯಾಗೆ ಅಷ್ಟು ಬೇಗ ಮುಗೀತದೆ ಅಂದ್ರೆ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಇಲ್ಲ. ನೀವು ಒಂದಕ್ಕೆ ಸರಿ ಉತ್ತರ ಕೊಟ್ರೆ ಮುಂದಿನದು ಕಷ್ಟದ್ದು ಬರ್ತದೆ, ತಪ್ಪಿದ್ರೆ ಸುಲಭದ್ದು, ಹೀಗೆ ಮೇಲೆ ಕೆಳಗೆ ಮಾಡ್ತಾ ನಿಮ್ಮ ಮಟ್ಟ ಎಲ್ಲಿದೆ ಅಂತ ಕಂಪ್ಯೂಟರ್ ಹಿಡೀತದೆ, ಆದ್ರಿಂದ ಕಮ್ಮಿ ಪ್ರಶ್ನೆಯಲ್ಲೇ ಕೆಲಸ ಆಗ್ತದೆ. ಒಬ್ಬರಿಗೆ ಬಂದ ಪ್ರಶ್ನೆ ಇನ್ನೊಬ್ಬರಿಗೆ ಬರೋದು ಅಪರೂಪ, ಪೇಪರ್ ಲೀಕ್ ಆಗೋ ಭಯವೂ ಅಷ್ಟು ಕಮ್ಮಿ. ಟ್ರೆಝರಿಯಲ್ಲಿ ಪ್ರಶ್ನೆಪತ್ರಿಕೆ ಇಟ್ಟು ಸಿಸಿಟಿವಿ ಹಾಕಿ ಬೀಗ ಜಡಿಯೋ ನಮ್ಮಂಥವರಿಗೆ ಇದು ಕೇಳೋಕೆ ವಿಚಿತ್ರ. ಆಗಿನ ಪ್ರಶ್ನೆಗಳೂ ಹಾಗೇ, ಒಂದು ಪ್ಯಾರಾದಲ್ಲಿ ಪದಗಳ ಬಾಲ ಕಡಿದು ಹಾಕಿರ್ತಿದ್ರು ತುಂಬಬೇಕಿತ್ತು, ಒಂದು ರಾಶಿ ಪದ ಕೊಟ್ಟು ಇದ್ರಲ್ಲಿ ನಿಜವಾದ ಇಂಗ್ಲಿಷ್ ಪದ ಯಾವುದು ಸುಳ್ಳು ಪದ ಯಾವುದು ಅಂತ ಕೇಳ್ತಿದ್ರು, ಕೇಳಿದ್ದನ್ನ ಟೈಪ್ ಮಾಡು, ಓದಿ ಹೇಳು, ಚಿತ್ರ ನೋಡಿ ಬರಿ. ಕೊನೇಲಿ ಒಂದು ಸಣ್ಣ ಬರಹ, ಒಂದು ವಿಡಿಯೋ ಮಾತು, ಅವುಕ್ಕೆ ಆಗ ಮಾರ್ಕ್ಸ್ ಇರ್ಲಿಲ್ಲ, ಯೂನಿವರ್ಸಿಟಿಯವರು ನೋಡ್ಕೊಳ್ಳಲಿ ಅಂತ ಕಳಿಸ್ತಿದ್ರು. ಭಾಷಾ ಪರೀಕ್ಷೆ ಬಗ್ಗೆ ಓದೋ ಪ್ರೊಫೆಸರುಗಳು ಇದಕ್ಕೆ ತಕರಾರು ತೆಗೆದದ್ದಿದೆ, ಕ್ಲಾಸಲ್ಲಿ ಕೂತು ಲೆಕ್ಚರ್ ಕೇಳಿ ನೋಟ್ಸ್ ಮಾಡೋಕೆ ಬರ್ತದಾ, ಉದ್ದದ ಲೇಖನ ಓದೋಕೆ ಬರ್ತದಾ ಅಂತ ಇದು ನೋಡೋದಿಲ್ಲವಲ್ಲ ಅಂತ. ಆಗಿನ ಪರೀಕ್ಷೆಗೆ ಆ ತಕರಾರು ಸರಿಯೇ.

ಕಾವಲು ಕೂಡ ಬೇರೆ ತರ. ಬರೆಯೋವಾಗ ಯಾರೂ ನೋಡ್ತಾ ಕೂತಿರೋದಿಲ್ಲ, ಎಲ್ಲ ರೆಕಾರ್ಡ್ ಆಗ್ತದೆ, ಆಮೇಲೆ ಜನ ಕೂತು ವಿಡಿಯೋ ನೋಡಿ ಸರಿ ಇದ್ರೆ ಸರ್ಟಿಫೈ ಮಾಡ್ತಾರೆ. ಕಣ್ಣು ಸ್ಕ್ರೀನ್ ಬಿಟ್ಟು ಹೋಗಬಾರದು, ಕೋಣೆಯಲ್ಲಿ ಇನ್ನೊಬ್ಬರು ಇರಬಾರದು. ಊರ ಮನೆ ಹಳೇ ಮನೆ, ಜಗಲಿ, ಒಳಗೆ ದೊಡ್ಡ ಹಾಲು, ಆಚೀಚೆ ಸಣ್ಣ ಕೋಣೆಗಳು, ಕೋಣೆಗೆ ಬಾಗಿಲಿನ ಬದಲು ಪರದೆ. ಮದುವೆ ಮುಂಜಿಗೆ ನೂರಾರು ಜನ ತಿರುಗಾಡೋಕೆ ಅಂತ ಕಟ್ಟಿದ ಮನೆ ಅದು, ಒಬ್ಬರು ಒಳಗೆ ಬಾಗಿಲು ಹಾಕ್ಕೊಂಡು ಒಂದು ಗಂಟೆ ಕೂರ್ತಾರೆ ಅಂತ ಅಲ್ಲಿ ಯಾರೂ ಲೆಕ್ಕ ಹಾಕಿರ್ಲಿಲ್ಲ. ಎಲ್ಲರಿಗೂ ಹೇಳಿಟ್ಟಿದ್ರು. ಅವಳ ಅಜ್ಜಿಗೂ ಹೇಳಿದ್ರು. ಆದ್ರೂ ಅಜ್ಜಿ ಪರದೆ ಸರಿಸಿ ಬಂದು "ಕೂಸೇ, ಆಸರಿಗೆ ಎಂತ ಬೇಕು?" ಅಂದಿದ್ದಾರೆ, ಕುಡಿಯೋಕೆ ಏನು ಬೇಕು ಅಂತ, ಇವಳು ತಿರುಗಿ ನೋಡಿ ಕೈಸನ್ನೆಯಲ್ಲಿ ಹೋಗು ಅಂದಿದ್ದಾಳೆ. ಎರಡು ದಿನ ಬಿಟ್ಟು ಸರ್ಟಿಫೈ ಆಗ್ಲಿಲ್ಲ ಅಂತ ಮೇಲ್ ಬಂತು. ಅಜ್ಜಿಗೆ ಇವತ್ತಿಗೂ ಆ ವಿಷಯ ಹೇಳಿಲ್ಲ. ಎರಡನೇ ಸಲ ನಮ್ಮನೆಗೆ ಬಂದು ಬರೆದಳು, ಅದು ಸರಿಯಾಯ್ತು, ಅದರಲ್ಲಿ ಹೇಳೋಕೆ ಹೆಚ್ಚೇನಿಲ್ಲ.

ನಿಯಮ ತಪ್ಪು ಅಂತ ನಾನು ಹೇಳ್ತಿಲ್ಲ. ಬೇರೆಯವರು ಒಳಗೆ ಬಂದು ಉತ್ತರ ಹೇಳಿಕೊಡೋದು ಸಾಧ್ಯ, ಅಜ್ಜಿ ಹೇಳಿದ್ದು ಕಷಾಯದ ಬಗ್ಗೆಯಾ ವ್ಯಾಕರಣದ ಬಗ್ಗೆಯಾ ಅಂತ ವಿಡಿಯೋ ನೋಡೋವನಿಗೆ ಎಲ್ಲಿ ಗೊತ್ತಾಗಬೇಕು. ಆದ್ರೆ ಬಾಗಿಲು ಇರೋ ಕೋಣೆ, ಒಳಗಿಂದ ಚಿಲಕ, ಮನೆಯವರಿಗೆ ಬೇರೆ ಕಡೆ ಕೂರೋಕೆ ಜಾಗ, ಇದೆಲ್ಲ ಪರೀಕ್ಷೆಯ ಅರ್ಹತೆ ಆಗಿಬಿಡ್ತು, ಎಲ್ಲೂ ಬರೆಯದೇ ಇರೋ ಅರ್ಹತೆ.

ಟೋಫೆಲ್‌ಗೆ ಬರೋ ಹೊತ್ತಿಗೆ ಆಗಸ್ಟು. ಆ ವರ್ಷ ಆಗಸ್ಟ್ ಮೊದಲ ವಾರ ಜಿಲ್ಲೆಯಲ್ಲಿ ಹ್ಯಾಗೆ ಮಳೆ ಹೊಡೀತು ಅಂತ ಇಲ್ಲಿಯವರಿಗೆ ನೆನಪಿದ್ದೀತು. ಅಂಥಾ ಮಳೆಯಲ್ಲಿ ಊರಲ್ಲಿ ಸರಿಯಾದ ನೆಟ್‌ವರ್ಕ್ ಬೇಕಂದ್ರೆ ಗುಡ್ಡದ ತಲೆಗೆ ಹೋಗಬೇಕು, ಆನ್‌ಲೈನ್ ಕ್ಲಾಸಿನ ಮಕ್ಕಳು ಅಲ್ಲೇ ತಾಡಪತ್ರೆ ಕಟ್ಟಿ ಕೂರ್ತಿದ್ರು, ಮಲೆನಾಡಲ್ಲಿ ಎಷ್ಟೋ ಊರಿನ ಕಥೆ ಅದೇ ಆಗಿತ್ತು. ಕ್ಲಾಸ್ ಕೇಳೋಕೆ ಗುಡ್ಡ ಆಗ್ತದೆ, ಟೋಫೆಲ್‌ಗೆ ಆಗೋದಿಲ್ಲ. ಆಗಿನ ನಿಯಮ ಓದಿದ್ರೆ ಗೊತ್ತಾಗ್ತದೆ: ನಾಲ್ಕು ಗೋಡೆ ಇರೋ ಕೋಣೆ, ಮುಚ್ಚಿದ ಬಾಗಿಲು ಕ್ಯಾಮೆರಾಕ್ಕೆ ಕಾಣಬೇಕು, ಸಾರ್ವಜನಿಕ ಜಾಗ ನಡೆಯೋದಿಲ್ಲ, ಸಾದಾ ಕುರ್ಚಿ ಮೇಜು ಇರಬೇಕು, ಹಾಸಿಗೆ ಮೇಲೆ ಸೋಫಾ ಮೇಲೆ ಕೂರೋ ಹಾಗಿಲ್ಲ, ಮೊಬೈಲು ಟ್ಯಾಬಲ್ಲಿ ಬರೆಯೋ ಹಾಗಿಲ್ಲ. ಗುರುತಿಗೆ ಆಗ ಪಾಸ್‌ಪೋರ್ಟ್ ಬೇಕಿತ್ತು, ಆಧಾರ್ ಒಪ್ಪೋಕೆ ಶುರು ಮಾಡಿದ್ದು 2021ರಲ್ಲಿ. ಇವಳ ಪಾಸ್‌ಪೋರ್ಟ್ ಪುಣ್ಯಕ್ಕೆ ಕಾಲೇಜ್ ದಿನಗಳಲ್ಲೇ ಹುಬ್ಬಳ್ಳಿಯಲ್ಲಿ ಆಗಿತ್ತು.

ನೋಟ್ಸ್ ಮಾಡ್ಕೊಳ್ಳೋಕೆ ಹಾಳೆ ಇಲ್ಲ. ಸೆಂಟರಲ್ಲಾದ್ರೆ ಹಾಳೆ ಕೊಟ್ಟು ಕೊನೆಗೆ ವಾಪಸ್ ಇಸ್ಕೊಳ್ತಾರೆ, ಮನೇಲಿ ಆ ಹಾಳೆಯಲ್ಲಿ ಪ್ರಶ್ನೆ ಬರೆದಿಟ್ಕೊಂಡ್ರೆ ಯಾರು ಕೇಳ್ತಾರೆ. ಆದ್ರಿಂದ ಸಣ್ಣ ವೈಟ್‌ಬೋರ್ಡು, ಇಲ್ಲಾಂದ್ರೆ ಪಾರದರ್ಶಕ ಪ್ಲಾಸ್ಟಿಕ್ ಕವರೊಳಗೆ ಹಾಕಿದ ಒಂದು ಹಾಳೆ, ಅದರ ಮೇಲೆ ಅಳಿಸಿ ಹೋಗೋ ಮಾರ್ಕರು, ಮುಗಿದ ಮೇಲೆ ಕ್ಯಾಮೆರಾ ಎದುರು ಅಳಿಸಿ ತೋರಿಸಬೇಕು. ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ಹತ್ತು ರೂಪಾಯಿ ಕವರ್ ತಂದ್ವಿ. ಇದು ಒಳ್ಳೇ ಉಪಾಯ, ಕಡಿಮೆ ಖರ್ಚಲ್ಲಿ ಕದಿಯೋ ದಾರಿ ಮುಚ್ಚಿದ್ರು, ಈ ಒಂದಕ್ಕೆ ಅವರಿಗೆ ಪೂರ್ತಿ ಮಾರ್ಕ್ಸ್ ಕೊಡ್ತೇನೆ.

ಇನ್ನೊಂದು ನಿಯಮಕ್ಕೆ ಕೊಡೋಕಾಗೋದಿಲ್ಲ. ಹೆಡ್‌ಫೋನ್ ಆಗ ಹಾಕೋ ಹಾಗಿರ್ಲಿಲ್ಲ. ಕಿವಿ ಎರಡೂ ಕ್ಯಾಮೆರಾಕ್ಕೆ ಕಾಣ್ತಾ ಇರಬೇಕು, ಆಡಿಯೋ ಸ್ಪೀಕರಲ್ಲೇ ಕೇಳಬೇಕಿತ್ತು. ಕಾರಣ ಅರ್ಥ ಆಗ್ತದೆ, ಹೆಡ್‌ಫೋನ್ ಒಳಗೆ ಯಾರಾದ್ರೂ ಉತ್ತರ ಹೇಳ್ತಿದ್ರೆ ಪ್ರಾಕ್ಟರ್‌ಗೆ ಗೊತ್ತಾಗೋದಿಲ್ಲ. ಆದ್ರೆ ಸೆಂಟರಲ್ಲಿ ಎಲ್ಲರಿಗೂ ಹೆಡ್‌ಫೋನ್ ಕೊಡೋದು ಯಾಕೆ, ಸುತ್ತಲಿನ ಸದ್ದು ಕಿವಿಗೆ ಬೀಳಬಾರದು ಅಂತ ತಾನೆ. ಲೆಕ್ಚರ್ ಒಂದೇ ಸಲ ಪ್ಲೇ ಆಗ್ತದೆ, ಹಿಂದೆ ಹೋಗೋ ಹಾಗಿಲ್ಲ, ತಪ್ಪಿದ್ರೆ ತಪ್ಪಿತು. ಆಗ ಲಿಸನಿಂಗ್ ಭಾಗವೇ 41ರಿಂದ 57 ನಿಮಿಷ ಇತ್ತು. ಶಿರಸಿಯಲ್ಲಿ ತಾರಸಿ ಮನೆಗೂ ಮೇಲೆ ತಗಡು ಹಾಕಿರ್ತಾರೆ, ಹಾಕದಿದ್ರೆ ತಾರಸಿ ಸೋರ್ತದೆ. ಆ ತಗಡಿನ ಮೇಲೆ ಆಗಸ್ಟ್ ಮಳೆ ಬಿದ್ರೆ ಎದುರು ಕೂತವರ ಮಾತೇ ಕೇಳೋದಿಲ್ಲ, ಅಂಥಾದ್ರಲ್ಲಿ ಲ್ಯಾಪ್‌ಟಾಪಿನ ಸಣ್ಣ ಸ್ಪೀಕರಲ್ಲಿ ಅಮೆರಿಕದ ಪ್ರೊಫೆಸರ್ ಭೂಗರ್ಭಶಾಸ್ತ್ರದ ಪಾಠ ಮಾಡ್ತಾರೆ.

ನಮ್ಮನೆ ಮಹಡಿ ಕೋಣೆಯಲ್ಲಿ ವೈಫೈ ಚೆನ್ನಾಗಿ ಬರ್ತದೆ, ಅಲ್ಲಿ ಸದ್ದು. ಕೆಳಗೆ ಅಡಿಗೆಮನೆ ಪಕ್ಕದ ಕೋಣೆಯಲ್ಲಿ ಮಳೆ ಸದ್ದು ಕಮ್ಮಿ, ಅಲ್ಲಿ ಸಿಗ್ನಲ್ ಎರಡು ಕಡ್ಡಿ. ಕೊನೆಗೆ ಮೇಲಿಂದ ಉದ್ದ ಲ್ಯಾನ್ ವೈರ್ ಎಳೆದು ಕೆಳಗಿನ ಕೋಣೆಗೆ ತಂದ್ವಿ, ಬಾಗಿಲಿಗೆ ಹೊಸ ಚಿಲಕ ಹಾಕಿಸಿದ್ವಿ, ನಮ್ಮನೆಯವಳು ಶಾಲೆಯಲ್ಲಿ ಪದ್ಯ ಕೇಳಿಸೋಕೆ ಇಟ್ಕೊಂಡಿದ್ದ ಸ್ಪೀಕರ್ ಮೇಜಿನ ಮೇಲೆ ಇಟ್ವಿ, ಹೊರಗಿನ ಸ್ಪೀಕರ್‌ಗೆ ನಿಯಮದಲ್ಲಿ ಅಡ್ಡಿ ಇರ್ಲಿಲ್ಲ. ಗೋಡೆ ಮೇಲಿನ ಸೊಸೈಟಿ ಕ್ಯಾಲೆಂಡರ್ ತೆಗೆದ್ವಿ, ಅದರಲ್ಲಿ ಇಂಗ್ಲಿಷ್ ಅಕ್ಷರ ಇತ್ತು ಅಂತ. ಯಾವ ಹೊತ್ತು ತಗೋಬೇಕು ಅನ್ನೋದು ದೊಡ್ಡ ಚರ್ಚೆ ಆಯ್ತು. ಆಗ ವಾರಕ್ಕೆ ನಾಲ್ಕು ದಿನ, ದಿನದ 24 ಗಂಟೆಯೂ ಸ್ಲಾಟ್ ಇತ್ತು. ಭಾವ ಹೇಳಿದ್ರು ಬೆಳಿಗ್ಗೆ ಮಾಡಿ, ಬೆಳಿಗ್ಗೆ ತಲೆ ಚುರುಕು ಅಂತ. ನಾನು ರಾತ್ರಿ ಅಂದೆ. ಮಿಕ್ಸಿ ಇಲ್ಲ, ಕುಕ್ಕರ್ ಸೀಟಿ ಇಲ್ಲ, ಬೀದಿಯಲ್ಲಿ ಗಾಡಿ ಇಲ್ಲ, ನೆಟ್‌ಗೂ ಜನ ಕಮ್ಮಿ. ಹುಡುಗಿ "ರಾತ್ರಿಯೇ ಆಗ್ಲಿ ಮಾವ, ಆದ್ರೆ ನೀವು ಯಾರೂ ಕೆಮ್ಮಬೇಡಿ" ಅಂದಳು. ಆ ವರ್ಷ ಕೆಮ್ಮಿದ್ರೆ ಬೇರೆ ಗಲಾಟೆ ಶುರುವಾಗ್ತಿತ್ತು ಬಿಡಿ.

ರಾತ್ರಿ ಹತ್ತೂವರೆಗೆ ಚೆಕ್ಕಿಂಗ್ ಶುರು. ಪ್ರಾಕ್ಟರ್ ಲ್ಯಾಪ್‌ಟಾಪ್ ತಿರುಗಿಸಿ ನಾಲ್ಕೂ ಗೋಡೆ ತೋರಿಸು ಅಂದ್ರಂತೆ, ಮೇಜಿನ ಕೆಳಗೆ ತೋರಿಸು, ಸ್ಕ್ರೀನ್ ಮೇಲೆ ಏನಾದ್ರೂ ಅಂಟಿಸಿದ್ದೀಯಾ ನೋಡೋಕೆ ಕನ್ನಡಿ ಹಿಡಿ, ಕೂದಲು ಹಿಂದಕ್ಕೆ ಹಾಕಿ ಕಿವಿ ತೋರಿಸು. ನಾನು ಹೊರಗೆ ಜಗಲಿಯಲ್ಲಿ ಕೂತಿದ್ದೆ, ನನ್ನ ಡ್ಯೂಟಿ ಇನ್ವರ್ಟರ್ ಬೆಳಕು ನೋಡೋದು. ಜೂನ್‌ನಲ್ಲಿ ಕಾಲೇಜಲ್ಲಿ ಮಾಡಿದ್ದೂ ಇದೇ ಕೆಲಸ, ಅಲ್ಲಿ ಅದಕ್ಕೆ ಸಂಭಾವನೆ ಕೊಟ್ಟಿದ್ರು.

ರೀಡಿಂಗ್ ಮುಗಿಯೋ ತನಕ ಮಳೆ ಹನಿ ಹನಿ. ಲಿಸನಿಂಗ್ ಅರ್ಧಕ್ಕೆ ಬಂದಾಗ ಜೋರಾಯ್ತು. ಸ್ಪೀಕರ್ ವಾಲ್ಯೂಮ್ ಪೂರ್ತಿ ಏರಿಸಿದಳು, ಪ್ರೊಫೆಸರ್ ಧ್ವನಿ ಜಗಲಿಗೆ ನಂಗೇ ಕೇಳ್ತಿತ್ತು, ಪಕ್ಕದ ಮನೆಯವರಿಗೂ ಕೇಳಿರಬೇಕು. ಹತ್ತು ನಿಮಿಷ ಬ್ರೇಕು, ಆಮೇಲೆ ಸ್ಪೀಕಿಂಗು, ಅದು 17 ನಿಮಿಷ, ಆ 17 ನಿಮಿಷ ಮಳೆ ಯಾಕೋ ಬಿಟ್ಟಿತ್ತು. ರೈಟಿಂಗಲ್ಲಿ ಕರೆಂಟ್ ಹೋಯ್ತು. ಇನ್ವರ್ಟರ್ ಹಿಡೀತು, ರೂಟರ್ ಆರ್ಲಿಲ್ಲ, ಆದ್ರೂ ನೆಟ್ ಹೋಯ್ತು, ಯಾಕಂದ್ರೆ ಬೀದಿ ಕಂಬದ ಮೇಲಿನ ಪೆಟ್ಟಿಗೆಗೂ ಕರೆಂಟ್ ಬೇಕಲ್ಲ, ಅದಕ್ಕೆ ಇನ್ವರ್ಟರ್ ಎಲ್ಲಿಂದ. ಮೊಬೈಲ್ ಕೋಣೆಯೊಳಗೆ ಇಟ್ಕೊಳ್ಳೋ ಹಾಗಿಲ್ಲ, ಹಾಗಾಗಿ ಹಾಟ್‌ಸ್ಪಾಟ್ ಆನ್ ಮಾಡಿ ಬಾಗಿಲ ಹೊರಗೆ ಸ್ಟೂಲ್ ಮೇಲೆ ಮೊದಲೇ ಇಟ್ಟಿದ್ವಿ. ಲ್ಯಾಪ್‌ಟಾಪ್ ಅದಕ್ಕೆ ಹಿಡೀತು, ಪ್ರಾಕ್ಟರ್ ವಾಪಸ್ ಸಿಕ್ಕಿದ್ರು, ಮತ್ತೊಮ್ಮೆ ಕೋಣೆ ತೋರಿಸಿ ನಿಂತಲ್ಲಿಂದ ಮುಂದೆ ಶುರುವಾಯ್ತು. ಅವಳು ಹೊರಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು. "ಲಿಸನಿಂಗಲ್ಲಿ ಒಂದು ಲೆಕ್ಚರ್ ಅರ್ಧ ಮಳೆಯೇ ಕೇಳಿದ್ದು ಮಾವ" ಅಂದಳು.

ಸ್ಕೋರ್ ಬಂತು, 100ರ ಮೇಲೆ, ಬೇಕಾದಷ್ಟು ಇತ್ತು. ನಾಲ್ಕು ಭಾಗದಲ್ಲಿ ಲಿಸನಿಂಗೇ ಕಮ್ಮಿ. ಇಲ್ಲಿ ಹುಷಾರಾಗಿ ಮಾತಾಡಬೇಕು. ಒಬ್ಬಳ ಒಂದು ಸ್ಕೋರ್ ನೋಡಿ ಮಳೆಯಿಂದಲೇ ಕಮ್ಮಿ ಆಯ್ತು ಅನ್ನೋಕಾಗೋದಿಲ್ಲ, ಅವಳ ಲಿಸನಿಂಗ್ ನಿಜವಾಗಿಯೂ ಅಷ್ಟೇ ಇದ್ದಿರಬಹುದು. ತೊಂದರೆ ಏನಂದ್ರೆ ಹೌದೋ ಅಲ್ಲವೋ ಅಂತ ಹೇಳೋಕೆ ದಾರಿಯೇ ಇಲ್ಲ. ಸ್ಕೋರ್ ಕಾರ್ಡಲ್ಲಿ ಒಂದು ಸಂಖ್ಯೆ ಇರ್ತದೆ, ತಗಡಿನ ಮಾಡು ಇರೋದಿಲ್ಲ. ದೊಡ್ಡ ಪರೀಕ್ಷೆಗಳು ಎಲ್ಲ ಕಡೆ ಒಂದೇ ತರ ಕೋಣೆ, ಒಂದೇ ತರ ಹೆಡ್‌ಫೋನ್ ಅಂತ ಹಠ ಹಿಡಿಯೋದು ಇದಕ್ಕೇ, ಲಿಸನಿಂಗಲ್ಲಿ 30ಕ್ಕೆ ಕೊಚ್ಚಿಯವನು ತೆಗೆದ 24, ಕೈರೋದವಳು ತೆಗೆದ 24 ಒಂದೇ ಅಂತ ಧೈರ್ಯವಾಗಿ ಹೇಳೋಕೆ. ಮನೇಲಿ ಬರೆದವರ ಸರಾಸರಿ, ಸೆಂಟರಲ್ಲಿ ಬರೆದವರ ಸರಾಸರಿ ಹತ್ತಿರ ಹತ್ತಿರ ಇದ್ರೂ, ಆ ಸರಾಸರಿಯೊಳಗೆ ಎಸಿ ಕೋಣೆಯ ಹುಡುಗನೂ ಇದ್ದಾನೆ, ನಮ್ಮ ಕೆಳಗಿನ ಕೋಣೆಯೂ ಇದೆ. ಡ್ಯುಯೊಲಿಂಗೋ ಇಲ್ಲಿ ಒಂದು ತರದಲ್ಲಿ ಬಚಾವ್, ಒಂದು ಗಂಟೆ ಮಳೆ ಬಿಡೋದನ್ನ ಕಾಯಬಹುದು, ಮೂರು ಗಂಟೆ ಬಿಡೋದನ್ನ ಆಗಸ್ಟಲ್ಲಿ ಕಾಯೋಕಾಗೋದಿಲ್ಲ. ಲೆಕ್ಚರ್ ಕೇಳಿಸೋ ಪರೀಕ್ಷೆ ಯೂನಿವರ್ಸಿಟಿಗೆ ಹೆಚ್ಚು ಉಪಯೋಗ, ಆದ್ರೆ ಮನೆ ಕೆಟ್ಟದಾಗಿದ್ರೆ ಮೊದಲು ಕೆಡೋದೂ ಅದೇ.

ಮರುವರ್ಷ ಎಸ್‌ಎಸ್‌ಎಲ್‌ಸಿಯಲ್ಲಿ ಇನ್ನೊಂದು ಉಪಾಯ ಮಾಡಿದ್ರು, ಅದನ್ನೂ ಪಕ್ಕಕ್ಕೆ ಇಟ್ಟು ನೋಡಬೇಕು. 2021ರಲ್ಲಿ ಆರು ಪೇಪರ್ ಎರಡೇ ದಿನಕ್ಕೆ ಇಳಿಸಿದ್ರು, ಜುಲೈ 19ಕ್ಕೆ ಕೋರ್ ಸಬ್ಜೆಕ್ಟು, 22ಕ್ಕೆ ಮೂರು ಭಾಷೆ. ಕನ್ನಡ, ಇಂಗ್ಲಿಷ್, ಹಿಂದಿ ಒಂದೊಂದಕ್ಕೆ 40 ಮಾರ್ಕ್ಸು, ಮೂರು ಗಂಟೆಯಲ್ಲಿ ಎಲ್ಲ, ಎಲ್ಲವೂ ಬಹು ಆಯ್ಕೆ, ಓಎಂಆರ್ ಶೀಟಲ್ಲಿ ವೃತ್ತ ತುಂಬೋದು, ಒಂದು ಕೋಣೆಗೆ 12 ಮಕ್ಕಳು, ಯಾರನ್ನೂ ಫೇಲ್ ಮಾಡೋದಿಲ್ಲ ಅಂತ ಮೊದಲೇ ಹೇಳಿಕೆ. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆದ್ರು. ಅದೇ ವಾರ ನಮ್ಮ ಜಿಲ್ಲೆಯಲ್ಲಿ ಅರಬೈಲ್ ಘಾಟಿ ಕುಸಿದದ್ದು, ಗಂಗಾವಳಿ ಉಕ್ಕಿ ಗುಳ್ಳಾಪುರದ ಸೇತುವೆ ಹೋದದ್ದು, ಅಂಥಾ ಮಳೆಯ ವಾರದಲ್ಲೂ ಪರೀಕ್ಷೆ ನಡೆದದ್ದು ದೊಡ್ಡ ವಿಷಯವೇ. ನಮ್ಮನೆಯವಳಿಗೆ ಮಾತ್ರ ಸಮಾಧಾನ ಇರ್ಲಿಲ್ಲ. ಪತ್ರ ಬರೆಯೋದಿಲ್ಲ, ಪ್ರಬಂಧ ಇಲ್ಲ, ಒಂದು ವಾಕ್ಯ ಕೂಡ ಮಕ್ಕಳು ಸ್ವಂತ ಬರೆಯೋದಿಲ್ಲ, ಇದನ್ನ ಇಂಗ್ಲಿಷ್ ಪರೀಕ್ಷೆ ಅಂತ ಹ್ಯಾಗೆ ಕರೆಯೋದು ಅಂತ ಅವಳ ವಾದ. ನನ್ನ ವಾದ, ಎಲ್ಲರನ್ನೂ ಪಾಸ್ ಮಾಡೋದು ಅಂತ ನಿರ್ಧಾರ ಆದಮೇಲೆ ಆ ಪರೀಕ್ಷೆಯ ಕೆಲಸವೇ ಬೇರೆ, ಒಂದೂವರೆ ವರ್ಷ ಪುಸ್ತಕ ಬಿಟ್ಟ ಮಕ್ಕಳನ್ನ ಒಂದು ಸಲ ಬೆಂಚಿಗೆ ತಂದು ಕೂರಿಸೋದು. ಈ ಜಗಳ ನಮ್ಮಲ್ಲಿ ಇನ್ನೂ ಮುಗಿದಿಲ್ಲ.

ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನಂಗೆ ಅನ್ನಿಸಿದ್ದು, ಟೋಫೆಲ್‌ನಂಥ ಪರೀಕ್ಷೆಗೆ ಬೆಂಗಳೂರಿನ ಸೆಂಟರ್ ಮತ್ತೆ ಮನೆಯ ಕೋಣೆ, ಇವೆರಡರ ನಡುವೆ ಇನ್ನೊಂದು ಜಾಗ ಇತ್ತು, ಅದನ್ನ ಯಾರೂ ನೋಡ್ಲಿಲ್ಲ. ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಆ ವರ್ಷ ಪೂರ್ತಿ ಬೀಗ ಹಾಕಿತ್ತು. ಯುಪಿಎಸ್ ಇದೆ, ಜನರೇಟರ್ ಇದೆ, ದಪ್ಪ ಗೋಡೆ, ಗಟ್ಟಿ ಬಾಗಿಲು, ಮೇಲೆ ಇನ್ನೊಂದು ಮಹಡಿ ಇರೋದ್ರಿಂದ ಮಳೆ ಸದ್ದೂ ಇಲ್ಲ, ಪರೀಕ್ಷೆ ಕಾಯೋದೇ ಕೆಲಸ ಆಗಿರೋ ಮೇಷ್ಟ್ರುಗಳು ಊರು ತುಂಬ. ಹೋಮ್ ಎಡಿಷನ್ ನಿಯಮದಲ್ಲಿ ಸಾರ್ವಜನಿಕ ಜಾಗಕ್ಕೆ ಜಾಗ ಇಲ್ಲ, ಹಾಗಾಗಿ ಅದು ಸೆಂಟರೂ ಆಗ್ಲಿಲ್ಲ, ಮನೆಯೂ ಆಗ್ಲಿಲ್ಲ. ಪಿಯು ಇಲಾಖೆ ಜೂನ್‌ನಲ್ಲಿ ಮಾಡಿದ್ದು ಅದನ್ನೇ, ಸೆಂಟರನ್ನ ಮನೆ ಹತ್ತಿರ ತಂತು, ಮನೆಯೊಳಗೆ ತರ್ಲಿಲ್ಲ. ಹೌದು, ಆರು ಲಕ್ಷ ಮಕ್ಕಳನ್ನ ಒಂದೇ ದಿನ ಹೊರಗೆ ಕರೆಸೋದು ಅಪಾಯವೇ, ಮನೆಯಲ್ಲೇ ಬರೆಯೋದು ಸೋಂಕಿನ ದೃಷ್ಟಿಯಿಂದ ಎಲ್ಲಕ್ಕಿಂತ ಸುರಕ್ಷಿತ, ಅದನ್ನ ಅಲ್ಲಗಳೆಯೋಕಾಗೋದಿಲ್ಲ. ಆದ್ರೆ ತಾಲೂಕಿಗೆ ಮೂರೋ ನಾಲ್ಕೋ ಜನ ಟೋಫೆಲ್ ಬರೆಯೋರು, ಒಂದು ಲ್ಯಾಬಲ್ಲಿ ಒಬ್ಬರನ್ನ ಕೂರಿಸಿದ್ರೆ ಯಾವ ಗುಂಪು ಸೇರ್ತಿತ್ತು? ನಮ್ಮ ಹುಡುಗಿಗೆ ಪೇಟೆಯಲ್ಲಿ ಮಾವನ ಮನೆ ಇತ್ತು, ಇನ್ವರ್ಟರ್ ಇತ್ತು. ಇಲ್ಲದವರು ಎಷ್ಟು ಜನ ಅರ್ಜಿಯನ್ನೇ ಹಾಕದೆ ಬಿಟ್ಟರೋ, ಅವರ ಹೆಸರು ಯಾವ ಲೆಕ್ಕದಲ್ಲೂ ಬರೋದಿಲ್ಲ.

ಆಮೇಲೆ ಆದದ್ದು ಹೇಳಿ ಮುಗಿಸ್ತೇನೆ. ಟೋಫೆಲ್ ಹೋಮ್ ಎಡಿಷನ್ ಹೆಸರಿಂದ ಸ್ಪೆಷಲ್ ಅನ್ನೋದು ಹೋಗಿ ಅದು ಹಾಗೇ ಉಳೀತು, 2023ರ ಜುಲೈಯಿಂದ ಪರೀಕ್ಷೆಯನ್ನೇ ಎರಡು ಗಂಟೆ ಒಳಗೆ ಇಳಿಸಿದ್ರು. ಐಇಎಲ್‌ಟಿಎಸ್‌ನವರು 2022ರಲ್ಲಿ ಪೂರ್ತಿ ಆನ್‌ಲೈನ್ ಪರೀಕ್ಷೆಯೇ ತಂದ್ರು. ಯೂನಿವರ್ಸಿಟಿಗಳ "ಈ ವರ್ಷಕ್ಕೆ ಮಾತ್ರ" ಎಷ್ಟೋ ಕಡೆ ಕಾಯಂ ಆಯ್ತು. ಹುಡುಗಿಗೆ ಟೋಫೆಲ್ ಕೇಳಿದ ಡಿಪಾರ್ಟ್‌ಮೆಂಟಲ್ಲಿ ಸೀಟ್ ಸಿಗ್ಲಿಲ್ಲ, ಡ್ಯುಯೊಲಿಂಗೋ ಒಪ್ಪಿದ ಕಡೆ ಸಿಕ್ತು, 2021ರಲ್ಲಿ ಹೋದಳು. ಕೆಳಗಿನ ಕೋಣೆಯ ಲ್ಯಾನ್ ವೈರು, ಚಿಲಕ ನಾವು ತೆಗೀಲಿಲ್ಲ. ಆ ಕಡೆ ಊರುಗಳ ಯಾರಾದ್ರೂ ಮಕ್ಕಳಿಗೆ ಇಂಥಾ ಪರೀಕ್ಷೆ ಇದ್ರೆ ಫೋನ್ ಮಾಡಿ ಕೇಳ್ತಾರೆ, ಕೊಡ್ತೇವೆ, ದುಡ್ಡೇನೂ ತಗೊಳೋದಿಲ್ಲ. ಮಳೆಗಾಲದಲ್ಲಿ ಬರೆಯೋದಾದ್ರೆ ಸ್ಪೀಕರ್ ಶಾಲೆಗೆ ಹೋಗಿರ್ತದೆ, ರಜೆ ದಿನ ನೋಡಿ ಸ್ಲಾಟ್ ಹಾಕಿ ಅಂತ ಮಾತ್ರ ಹೇಳ್ತೇನೆ.